ಒಂಬತ್ತು ದಿನ ಹಿಂದಿದ್ದ ಕ್ಯಾಮೆರಾ

ದಿಗ್ಗೇವಾಡಿ, ರಾಯಬಾಗ ತಾಲೂಕು
೨೫ ಮಾರ್ಚ್ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಅಣ್ಣಾಸಾಬನಿಗೆ,

ನಿನ್ನ ಅಣ್ಣ ವಿರುಪಾಕ್ಷಪ್ಪನ ಆಶೀರ್ವಾದ. ಇದೇ ತಿಂಗಳು ಒಂಬತ್ತರಂದು ನಾನು ನಿನಗೆ ಬರೆದ ಪತ್ರದಲ್ಲಿ ಒಂದು ತಪ್ಪು ಇತ್ತು. ಬರವಣಿಗೆಯ ತಪ್ಪಲ್ಲ, ಅದನ್ನು ಎರಡು ಸಲ ಓದಿ, ಅಲ್ಪವಿರಾಮಗಳನ್ನೂ ನೋಡಿಯೇ ಅಂಚೆಗೆ ಹಾಕಿದ್ದೆ. ತಪ್ಪು ಇದ್ದದ್ದು ಅದರ ಸಾರದಲ್ಲಿ. ಫೆಬ್ರುವರಿ ಹತ್ತೊಂಬತ್ತರ ಬೆಳಗಿನ ಹತ್ತು ಗಂಟೆಗೆ ನೀನು ಹೊಳೆದಂಡೆಯ ಪಂಪುಮನೆಯಿಂದ ಮೋಟಾರಿನ ತಂತಿಯನ್ನು ಸುತ್ತಿ ಹೆಗಲ ಮೇಲೆ ಹೊತ್ತು ಒಯ್ದೆ ಎಂದು ಬರೆದಿದ್ದೆ. ನೀನು ಒಯ್ಯಲಿಲ್ಲ. ಆ ದಿನ ನೀನು ಆ ಕಡೆ ಸುಳಿದಿರಲೂ ಇಲ್ಲ. ಹಿರಿಯನು ಕಿರಿಯನಲ್ಲಿ ಕ್ಷಮೆ ಕೇಳುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಇರಲಿಲ್ಲ ಎಂದು ತಿದ್ದಿಕೊಳ್ಳುತ್ತೇನೆ. ನನ್ನನ್ನು ಕ್ಷಮಿಸು.

ಮಗಳು ರೂಪಾಲಿ ಹಾಗೂ ಕೂಸು ಹೇಗಿದ್ದಾರೆ? ಹೆಣ್ಣುಕೂಸು ಎಂದು ಕೇಳಿ ನಿನ್ನ ಅತ್ತಿಗೆ ಚನ್ನವ್ವ ಎರಡು ಮನೆಗಳಿಗಾಗುವಷ್ಟು ಸಕ್ಕರೆ ಹಂಚಿದಳು. ಬಾಣಂತಿಗೆ ತಣ್ಣೀರು ಮುಟ್ಟಿಸಬೇಡಿರಿ ಎಂದು ಅವಳ ತಾಯಿ ಕೆಂಚವ್ವನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಚನ್ನವ್ವ ಹೇಳಲೇಬೇಕು ಎಂದಳು, ಹೇಳಿದ್ದೇನೆ. ನಿನ್ನ ಮೊಣಕಾಲಿನ ಬಾವು ಇಳಿದಿದೆಯೋ ಇಲ್ಲವೋ? ಶಿರಗುಪ್ಪಿಯಲ್ಲಿ ಅಳಿಯನ ದನಗಳ ಕೆಲಸವನ್ನೆಲ್ಲ ನೀನೇ ಮೈಮೇಲೆ ಹಾಕಿಕೊಂಡಿರುತ್ತೀಯೆ, ನನಗೆ ಗೊತ್ತು. ನನ್ನ ಆರೋಗ್ಯ ನೆಟ್ಟಗಿದೆ. ಮೂರು ದಿನಗಳಿಂದ ಊಟ ಸೇರುತ್ತಿಲ್ಲ; ಅದಕ್ಕೆ ಕಾರಣ ಹೊಟ್ಟೆಯಲ್ಲ, ಸಿಟ್ಟು. ಅರ್ಧ ಸಿಟ್ಟು ಕ್ಯಾಮೆರಾ ಹಾಕಿದ ಆ ಜ್ಞಾನದೇವನ ಮೇಲೆ, ಉಳಿದರ್ಧ ನನ್ನ ಮೇಲೆ.

ಈ ಪತ್ರವನ್ನು ಅಳಿಯ ಅಮೋಲನೂ ಓದತಕ್ಕದ್ದು. ಅದಕ್ಕಾಗಿ ನಿನಗೆ ತಿಳಿದಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ನೀನು, ನಾನು, ಪಕ್ಕದ ಹೊಲದ ಮುರಗೆಪ್ಪ ಮೂವರೂ ಸೇರಿ ಕೃಷ್ಣೆಯ ದಂಡೆಯಲ್ಲಿ ಒಂದು ಮೋಟಾರು ಇಟ್ಟಿದ್ದೇವೆ. ದಿನಕ್ಕೊಬ್ಬರ ಪಾಳಿ: ಇಂದು ನಿನ್ನ ಕಬ್ಬಿಗೆ ನೀರು, ನಾಳೆ ನನ್ನದಕ್ಕೆ, ನಾಡಿದ್ದು ಮುರಗೆಪ್ಪನದಕ್ಕೆ. ನಮ್ಮ ಅಪ್ಪನ ಕಾಲದಿಂದ ಈ ಪಾಳಿ ಒಮ್ಮೆಯೂ ಜಗಳಕ್ಕೆ ಬಂದಿರಲಿಲ್ಲ. ದಂಡೆಗುಂಟ ತಾಮ್ರದ ತಂತಿಯ ಕಳವು ಹೆಚ್ಚಿತೆಂದು, ಜನವರಿಯಲ್ಲಿ ಪಂಪುಮನೆಗೆ ಕ್ಯಾಮೆರಾ ಹಾಕಿಸೋಣವೆಂದವನು ನಾನೇ. ರಾಯಬಾಗದಿಂದ ಜ್ಞಾನದೇವನನ್ನು ಕರೆಸಿದವನೂ ನಾನೇ. ಅವನು ಬಂದು, ಗೋಡೆಗೆ ಒಂದು ಕ್ಯಾಮೆರಾ ಜಡಿದು, ಚಿತ್ರಗಳನ್ನು ಕೂಡಿಡುವ ಡಬ್ಬಿಯನ್ನು ಒಳಗೆ ಹಲಗೆಯ ಮೇಲಿಟ್ಟು, ಪಕ್ಕದಲ್ಲೊಂದು ಬ್ಯಾಟರಿ ಇಟ್ಟು, "ಕರೆಂಟ್ ಹೋದ್ರೂ ಎರಡ ದಿನಾ ಆರಾಮ ನಡೀತೈತ್ರಿ ಸರ, ನೀವೇನ ಟೆನ್ಶನ್ ತಗೋಬ್ಯಾಡ್ರಿ" ಎಂದು ಹೇಳಿ ಹೋದ. ಹೇಳಿದ್ದನ್ನು ನಾನು ಪರೀಕ್ಷಿಸಲಿಲ್ಲ. ಮೂವತ್ತೈದು ವರ್ಷ ಮಕ್ಕಳ ಉತ್ತರಗಳನ್ನು ಪರೀಕ್ಷಿಸಿದವನು ಈ ಒಂದು ಉತ್ತರಕ್ಕೆ ಕಣ್ಣುಮುಚ್ಚಿ ಪೂರ್ಣ ಅಂಕ ಕೊಟ್ಟೆ.

ಫೆಬ್ರುವರಿ ಹದಿನೆಂಟರ ಮಧ್ಯಾಹ್ನ ನಾಲ್ಕಕ್ಕೆ, ನಿನ್ನ ಪಾಳಿ ನಡೆದಿರುವಾಗಲೇ, ಕಂಬದ ಮೇಲಿನ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿತು. ಮರುದಿನ ನಸುಕಿನಲ್ಲಿ ಅದನ್ನು ಇಳಿಸಿ ಮುರಗೆಪ್ಪನ ಟ್ರ್ಯಾಕ್ಟರಿನಲ್ಲಿ ದುರಸ್ತಿಗಾಗಿ ಚಿಕ್ಕೋಡಿಗೆ ಸಾಗಿಸಿದೆವು. ಬೇಸಗೆಯ ಹೊತ್ತು, ನಮ್ಮಂತೆ ಸುಟ್ಟ ಟಿ.ಸಿ. ತಂದವರ ಸಾಲೇ ಇತ್ತು. ಅದು ತಿರುಗಿ ಕಂಬ ಏರಿದ್ದು ಇಪ್ಪತ್ತೇಳರ ಸಂಜೆ ಆರಕ್ಕೆ. ಮೋಟಾರು ಹಾಕಲು ಹೋದರೆ ತಂತಿಯೇ ಇಲ್ಲ. ವಿದ್ಯುತ್ತು ಇಲ್ಲದ ಆ ಒಂಬತ್ತು ದಿನಗಳಲ್ಲಿ ಯಾರೋ ನಿರಾತಂಕವಾಗಿ ಕತ್ತರಿಸಿ ಒಯ್ದಿದ್ದರು. ನೀನು ಆ ಕ್ಷಣವೇ ಬೈಕು ಹತ್ತಿ ಶಿರಗುಪ್ಪಿಗೆ ಹೋದೆ. ಮರುದಿನ ಬೆಳಿಗ್ಗೆ ಅಳಿಯನ ಮನೆಯಲ್ಲಿ ಬಿದ್ದಿದ್ದ ಹಳೆಯ ತಂತಿಯ ಸುರುಳಿಯನ್ನು ತಂದು ಜೋಡಿಸಿದೆ. ನಾನು ಹೊಲಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ನೀರು ಹರಿಯುತ್ತಿತ್ತು. ಚಲೋ ಆಯಿತು ಎಂದೆ. ಅಷ್ಟೇ ಅಂದೆ.

ಮಾರ್ಚ್ ಐದಕ್ಕೆ ನೀವು ಗಂಡಹೆಂಡಿರು ರೂಪಾಲಿಯ ಹೆರಿಗೆಗೆಂದು ಹೋದಿರಿ. ಎಂಟಕ್ಕೆ ನಾನು ಜ್ಞಾನದೇವನನ್ನು ಕರೆಸಿ, ಫೆಬ್ರುವರಿ ಹದಿನೆಂಟರಿಂದ ಇಪ್ಪತ್ತೇಳರವರೆಗಿನ ಚಿತ್ರಗಳಲ್ಲಿ ಕಳ್ಳನನ್ನು ಹುಡುಕು ಎಂದೆ. ಅವನು ಹತ್ತೊಂಬತ್ತಕ್ಕೇ ನಿಂತು, ಆರು ಸೆಕೆಂಡಿನ ಒಂದು ತುಣುಕನ್ನು ತನ್ನ ಮೊಬೈಲಿನಲ್ಲಿ ತಂದು ತೋರಿಸಿದ. ಹೆಗಲ ಮೇಲೆ ತಂತಿಯ ಸುರುಳಿ ಹೊತ್ತ ನೀನು ಅಡ್ಡಡ್ಡ ಹಾದುಹೋಗುತ್ತೀಯೆ. ಹೊಳೆಗೆ ಹೊರಟವನೋ ಹೊಳೆಯಿಂದ ಬಂದವನೋ ತಿಳಿಯದು, ಏಕೆಂದರೆ ಆ ಜಾಣ ಕ್ಯಾಮೆರಾವನ್ನು ಬಾಗಿಲಿಗೆ ಎದುರಾಗಿ ಹಾಕದೆ ಪಕ್ಕದ ಗೋಡೆಗೆ ಜಡಿದಿದ್ದಾನೆ. ಮೇಲಿನ ಮೂಲೆಯಲ್ಲಿ ಬಿಳಿಯ ಅಂಕಿಗಳು: ಫೆಬ್ರುವರಿ ೧೯, ಹತ್ತು ಗಂಟೆ ಎಂಟು ನಿಮಿಷ. ಟಿ.ಸಿ. ಇಲ್ಲದ ದಿನ ಕ್ಯಾಮೆರಾ ಹೇಗೆ ನಡೆಯಿತು ಎಂದು ನಾನು ಕೇಳಲಿಲ್ಲ. ಎರಡು ದಿನ ನಡೆಯುವ ಬ್ಯಾಟರಿ ಇದೆಯಲ್ಲ! ಮುರಗೆಪ್ಪ ನನ್ನ ಭುಜದ ಮೇಲಿಂದ ಇಣುಕಿ, "ಒಯ್ದಾವನೂ ಅವನ, ತಂದಾವನೂ ಅವನ, ಮಾಸ್ತರ! ಅಳಿಯನ ಮನ್ಯಾಗ ಬಿದ್ದಿತ್ತಂತ ಹಳೀ ವೈರ್! ನಮಗ ನಮ್ಮದ ವೈರ್ ತಂದ ಕೊಟ್ಟ ಶಾಬಾಸ್ ಅನಿಸ್ಕೊಂಡ ಹೋದ್ನಲ್ರಿ!" ಎಂದು ನಕ್ಕ. ಆ ನಗುವನ್ನು ನಾನು ಅಲ್ಲಿಯೇ ತಡೆಯಬೇಕಾಗಿತ್ತು. ತಡೆಯುವುದಿರಲಿ, ಮರುದಿನ ಮನೆಯಲ್ಲಿ ಕುಳಿತು ಮೂರು ಪುಟ ಬರೆದೆ.

ನಿನ್ನ ಉತ್ತರ ಹದಿನೈದಕ್ಕೆ ಬಂತು. ಕಾರ್ಡಿನಲ್ಲಿ ಎರಡೇ ಸಾಲು: "ಅಣ್ಣಾ, ನನ್ನ ಪಾಲಿನ ನೀರು ನೀವ ತಗೋರಿ. ನಾ ಇನ್ನ ಹೊಳೀಗೆ ಬರೂದಿಲ್ಲ." ಅದನ್ನು ಓದಿ ನಾನು ಕರಗಿದೆ ಎಂದು ತಿಳಿಯಬೇಡ. ಕಳವೂ ಮಾಡಿ ಸಿಟ್ಟೂ ಮಾಡುತ್ತಾನೆ ಎಂದು ಇನ್ನಷ್ಟು ಉರಿದೆ. ಆ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ನಿನ್ನ ಮುಂದೆ ಹಿಡಿಯಬೇಕೆಂದು ಕಳೆದ ಶನಿವಾರ, ಇಪ್ಪತ್ತೆರಡಕ್ಕೆ, ಮತ್ತೆ ಜ್ಞಾನದೇವನನ್ನು ಪಂಪುಮನೆಗೆ ಕರೆಸಿದೆ. ಚನ್ನವ್ವ ನನಗೆ ಬುತ್ತಿ ತಂದಿದ್ದಳು. ಅವನು ಡಬ್ಬಿಗೆ ಟಿವಿ ಜೋಡಿಸಿ ಚಿತ್ರ ತೋರಿಸಿದ. ನಾನು ಮೂಲೆಯ ಅಂಕಿಗಳನ್ನು ಗಟ್ಟಿಯಾಗಿ ಓದಿದೆ. ಚನ್ನವ್ವ ಬುತ್ತಿಯ ಗಂಟನ್ನು ಹಿಡಿದುಕೊಂಡೇ ಹತ್ತಿರ ಬಂದು, "ಅಲ್ರೀ, ಅವತ್ತ ಟಿ.ಸಿ. ಚಿಕ್ಕೋಡಿಗೆ ಹೋಗಿತ್ತಲ್ರಿ? ಇಲ್ಲಿ ಕಂಬದ ಮ್ಯಾಲ ಕುಂತೈತೆಲ್ಲ!" ಎಂದಳು. ನಾನು, ಸರಿಯಾಗಿ ನೋಡು, ಹತ್ತೊಂಬತ್ತು ಎಂದು ಸ್ಪಷ್ಟವಾಗಿ ಬರೆದಿದೆ ಎಂದೆ. "ಚಾಳೀಸ ಮನ್ಯಾಗ ಬಿಟ್ಟ ಬಂದೀನಿ, ನಿಮ್ಮ ಅಂಕಿ ನನಗ ಕಾಣೂದಿಲ್ಲ. ಕಂಬ ಕಾಣತೈತಿ" ಎಂದಳು.

ನಿನ್ನ ಹಿಂದೆ ಕಂಬವಿತ್ತು. ಕಂಬದ ಮೇಲೆ ಟಿ.ಸಿ. ಇತ್ತು. ಅದರ ಹೊಟ್ಟೆಯ ಮೇಲೆ ದುರಸ್ತಿಯವರು ಬರೆದ ಹೊಸ ಬಿಳಿ ಅಂಕಿ ಸಹ ಇತ್ತು. ಆ ಆರು ಸೆಕೆಂಡನ್ನು ಮೊಬೈಲಿನಲ್ಲಿ ನಾನು ಹತ್ತು ಬಾರಿ ನೋಡಿದ್ದೆ. ಹತ್ತು ಬಾರಿಯೂ ಅಂಕಿಗಳನ್ನೇ ಓದಿದ್ದೆ. ಕೈಗಡಿಯಾರ ನೋಡಿಕೊಂಡೆ: ಮಾರ್ಚ್ ೨೨. ಡಬ್ಬಿಯನ್ನು ನೋಡಿದೆ: ಮಾರ್ಚ್ ೧೩. ಆಗ ಎಲ್ಲವೂ ಹೊರಬಿತ್ತು. ಬ್ಯಾಟರಿ ನಡೆದದ್ದು ಎರಡು ದಿನವಲ್ಲ, ಎರಡು ಗಂಟೆ. ಹದಿನೆಂಟರ ಸಂಜೆ ಆರಕ್ಕೆ ಡಬ್ಬಿ ಆರಿತು. ಡಬ್ಬಿ ಆರಿದರೂ ಅದರ ಗಡಿಯಾರ ನಡೆಯುತ್ತಿರಲೆಂದು ಒಳಗೊಂದು ಬಿಲ್ಲೆಯಂಥ ಸಣ್ಣ ಸೆಲ್ ಇರುತ್ತದೆ. ಅದು ಎಂದೋ ಸತ್ತಿತ್ತು. ಇಪ್ಪತ್ತೇಳರ ಸಂಜೆ ಆರಕ್ಕೆ ವಿದ್ಯುತ್ತು ಬಂದಾಗ ಆ ಗಡಿಯಾರ ತಾನು ನಿಂತಲ್ಲಿಂದಲೇ, ಹದಿನೆಂಟರ ಸಂಜೆಯಿಂದಲೇ, ಮತ್ತೆ ಎಣಿಸತೊಡಗಿತು. ಸಂಜೆಗೆ ಸಂಜೆ ಕೂಡಿಕೊಂಡದ್ದರಿಂದ ಬೆಳಕು ಕತ್ತಲೆ ಎಲ್ಲವೂ ಗಂಟೆಗೆ ಸರಿಹೊಂದಿದವು. ಯಾರಿಗೂ ಸಂಶಯ ಬರಲಿಲ್ಲ. ನೀನು ತಂತಿಯನ್ನು ತಂದ ಬೆಳಗನ್ನು ಅದು ಒಯ್ದ ಬೆಳಗೆಂದು ಬರೆದಿಟ್ಟಿತು. ಕಳವು ನಡೆದ ಒಂಬತ್ತು ದಿನ ಅದು ಕಣ್ಣನ್ನೇ ತೆರೆದಿರಲಿಲ್ಲ. ಕಳ್ಳ ಯಾರೆಂದು ಇಂದಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

 ಇದೇನಪ್ಪಾ ಎಂದು ಜ್ಞಾನದೇವನನ್ನು ಕೇಳಿದರೆ ಅವನು ಹೇಳುತ್ತಾನೆ: "ಡೇಟ್ ಒಂದ ತಪ್ಪಿದ್ರ ಏನಾತ್ರಿ ಸರ, ಪಿಕ್ಚರ್ ಕ್ಲಿಯರ್ ಐತೆಲ್ರಿ!" ಚಿತ್ರ ಸ್ಪಷ್ಟವಿದೆಯಂತೆ! ಒಬ್ಬ ಮನುಷ್ಯನನ್ನು ಅವನ ಒಡಹುಟ್ಟಿದವನ ಬಾಯಿಂದಲೇ ಕಳ್ಳನೆನಿಸುವಷ್ಟು ಸ್ಪಷ್ಟವಿದೆ. ಡಬ್ಬಿಯನ್ನು ಎಲ್ಲಿಂದ ತಂದೆ ಎಂದು ಗದರಿಸಿದಾಗ, ಯಾವುದೋ ಅಂಗಡಿಯವರು ಬಿಸಾಡಿದ್ದನ್ನು ಒರೆಸಿ ಕೊಟ್ಟಿದ್ದೇನೆ ಎಂದು ಒಪ್ಪಿಕೊಂಡ. ಮುರಗೆಪ್ಪನಿಗೂ ಚಿತ್ರ ತೋರಿಸಿದೆ. ಆ ಟಿ.ಸಿ.ಯನ್ನು ತನ್ನ ಟ್ರ್ಯಾಕ್ಟರಿನಲ್ಲೇ ಒಯ್ದ ಮನುಷ್ಯ ಅವನು! ಬಹಳ ಹೊತ್ತು ನೋಡಿ, "ನಾ ಹೇಳಿದ್ದಲ್ರಿ ಮಾಸ್ತರ, ಡಬ್ಬಿ ಹೇಳಿದ್ದು" ಎಂದ. ಡಬ್ಬಿಗೆ ನಾಲಗೆಯಿಲ್ಲ, ಮುರಗೆಪ್ಪಾ, ನಕ್ಕವನು ನೀನು ಎಂದೆ. ತಲೆ ತಗ್ಗಿಸಿಕೊಂಡು ಹೋದ. ಆದರೆ ಅವನು ನಕ್ಕು ಬಿಟ್ಟ, ಬರೆದವನು ನಾನು.

ಈಗ ಅಮೋಲನಿಗೆ. ಮನೆಗೂ ದನದ ಕೊಟ್ಟಿಗೆಗೂ ನಾಲ್ಕು ಕ್ಯಾಮೆರಾ ಹಾಕಿಸಲು ಇದೇ ಜ್ಞಾನದೇವನಿಗೆ ನೀನು ಮಾತು ಕೊಟ್ಟಿರುವೆಯೆಂದು ಕೆಂಚವ್ವ ಚನ್ನವ್ವನಿಗೆ ಫೋನಿನಲ್ಲಿ ಹೇಳಿದಳಂತೆ. ಅಳಿಯಂದಿರಿಗೆ ಆಜ್ಞೆ ಮಾಡುವುದು ಸಲ್ಲದು, ಆದರೂ ಮಾಡುತ್ತೇನೆ: ಅವನನ್ನು ಹೊಸ್ತಿಲೊಳಗೆ ಬಿಡಬೇಡ. ಬೇರೆ ಯಾರನ್ನು ಕರೆದರೂ ಅವರ ಬಾಯಿಮಾತನ್ನು ನಂಬಬೇಡ. ಬ್ಯಾಟರಿ ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳಬೇಡ. ವಿದ್ಯುತ್ತನ್ನು ನೀನೇ ತೆಗೆದು, ಕುರ್ಚಿ ಹಾಕಿಕೊಂಡು ಕುಳಿತು, ಆರುವವರೆಗೆ ನೋಡು. ಆರಿದ ಮೇಲೆ ಒಂದು ತಾಸು ಹಾಗೆಯೇ ಬಿಟ್ಟು, ಮತ್ತೆ ಹಾಕಿ, ಡಬ್ಬಿಯ ಗಡಿಯಾರವನ್ನು ನಿನ್ನ ಕೈಗಡಿಯಾರದ ಪಕ್ಕದಲ್ಲಿ ಹಿಡಿ. ಒಂದು ತಾಸು ಹಿಂದಿದ್ದರೆ ಒಳಗಿನ ಸೆಲ್ ಸತ್ತಿದೆ ಎಂದು ತಿಳಿ. ನಿಮ್ಮ ಮನೆಯಲ್ಲಿ ಇಂಟರ್ನೆಟ್ ಇದೆ. ದಿನಾಂಕವನ್ನು ಅದರಿಂದಲೇ ತೆಗೆದುಕೊಳ್ಳುವಂತೆ ಡಬ್ಬಿಗೆ ಹೇಳಿಡಬಹುದಂತೆ, ಹಾಗೆ ಮಾಡಿಸು. ಆದರೂ ಪ್ರತಿ ತಿಂಗಳ ಮೊದಲ ದಿನ ಕಣ್ಣಿಂದ ನೋಡುವುದನ್ನು ಬಿಡಬೇಡ.

ತಂತಿ ಎಳೆಯುವಾಗ ನೀನು ಅಲ್ಲಿಯೇ ನಿಂತಿರು. ನಮ್ಮಲ್ಲಿ ಆ ಮಹಾಶಯ ಕ್ಯಾಮೆರಾದ ತಂತಿಯನ್ನೂ ಮೋಟಾರಿನ ತಂತಿಯನ್ನೂ ಒಂದೇ ಪೈಪಿನಲ್ಲಿ ತುರುಕಿದ್ದಾನೆ. ಮೋಟಾರು ಹಾಕಿದೊಡನೆ ಚಿತ್ರದಲ್ಲಿ ಅಲೆಗಳೇಳುತ್ತವೆ. ಎರಡಕ್ಕೂ ಬೇರೆ ಬೇರೆ ಪೈಪು ಬೇಕು, ನಡುವೆ ಒಂದಡಿಯಾದರೂ ಅಂತರ ಬೇಕು. ಒಂದನ್ನೊಂದು ದಾಟಲೇಬೇಕಾದಲ್ಲಿ ನೇರ ಅಡ್ಡವಾಗಿ ದಾಟಬೇಕು, ಜೊತೆಜೊತೆಗೆ ಓಡಬಾರದು. ಕೊಟ್ಟಿಗೆ ದೂರವಿದೆಯೆಂದು ಸಪೂರ ತಂತಿ ಎಳೆದರೆ ಹಗಲೆಲ್ಲ ಚಿತ್ರ ಬಂದು, ಕತ್ತಲಾಗಿ ಕ್ಯಾಮೆರಾ ತನ್ನ ದೀಪ ಹೊತ್ತಿಸಿಕೊಂಡಾಗ ಬಲ ಸಾಲದೆ ಆರಿಹೋಗುತ್ತದೆ. ಕಳ್ಳನಿಗೆ ಬೇಕಾದದ್ದೂ ಅದೇ. ದಪ್ಪನೆಯ ತಂತಿ ತರಿಸು, ಶುದ್ಧ ತಾಮ್ರದ್ದೇ ಇರಲಿ. ತುದಿಯನ್ನು ಚಾಕುವಿನಿಂದ ಕೆರೆದು ನೋಡು, ಒಳಗೆ ಬೆಳ್ಳಗಿದ್ದರೆ ತಾಮ್ರದ ಬಣ್ಣ ಹಚ್ಚಿದ ಅಲ್ಯುಮಿನಿಯಂ, ತಿರುಗಿ ಕಳಿಸು. ತಂತಿಯ ಕೂಡುಗಳನ್ನು ಟೇಪು ಸುತ್ತಿ ಮಳೆಗೆ ಬಿಡಬಾರದು; ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು. ತಂತಿ ಪೆಟ್ಟಿಗೆಯನ್ನು ಕೆಳಗಿನಿಂದ ಹೊಗಬೇಕು. ಹೊಗುವ ಮೊದಲು ಒಂದು ಗೇಣು ಕೆಳಗೆ ಜೋಲುಬಿದ್ದು ಮೇಲೇರಬೇಕು, ಆಗ ಮಳೆನೀರು ಆ ಜೋಲಿನಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಒಳಗೆ ನುಗ್ಗುವುದಿಲ್ಲ. ಗುಡುಗು ಸಿಡಿಲಿನ ಊರು ನಮ್ಮದು, ಅರ್ಥಿಂಗ್ ಇಲ್ಲದೆ ಏನನ್ನೂ ಜೋಡಿಸಗೊಡಬೇಡ.

ಕ್ಯಾಮೆರಾವನ್ನು ಬಾಗಿಲಿಗೆ ಎದುರಾಗಿ, ಬರುವವನ ಮುಖವೂ ಹೋಗುವವನ ಬೆನ್ನೂ ಬೇರೆ ಬೇರೆಯಾಗಿ ಕಾಣುವಂತೆ ಹಾಕಿಸು. ಆಳಿನ ಎರಡರಷ್ಟು ಎತ್ತರಕ್ಕೆ ಜಡಿದರೆ ಬರೀ ನೆತ್ತಿ, ಟೊಪ್ಪಿಗೆ ಕಾಣುತ್ತವೆ. ಮೂಡಣಕ್ಕಾಗಲಿ ಪಡುವಣಕ್ಕಾಗಲಿ ಮುಖ ಮಾಡಿಸಬೇಡ, ಸೂರ್ಯನು ಎರಡು ಹೊತ್ತು ಅದನ್ನು ಕುರುಡು ಮಾಡುತ್ತಾನೆ. ನೆರೆಮನೆಯ ಬಚ್ಚಲ ಕಡೆಗೆ ಅದು ನೋಡುತ್ತಿಲ್ಲವೆಂದು ರೂಪಾಲಿಯನ್ನು ನಿಲ್ಲಿಸಿ ಖಚಿತಪಡಿಸಿಕೊ. ಹೆಣ್ಣುಮಕ್ಕಳ ಮಾನ ನಿನ್ನ ದನಗಳಿಗಿಂತ ದೊಡ್ಡದು. ಡಬ್ಬಿಯ ಗುಪ್ತಪದವನ್ನು ಹಾಕಿದವನೇ ಇಟ್ಟುಕೊಂಡು ಹೋಗದಂತೆ ಅವನೆದುರಿಗೇ ಬದಲಿಸು. ಇವೆಲ್ಲವನ್ನೂ ಮಾಡಿಸಿದ ಮೇಲೆ ಕೊನೆಯದೊಂದು ಮಾತು. ಯಾರಾದರೂ ಬಂದು ಕ್ಯಾಮೆರಾದಲ್ಲಿ ಇಂಥವನು ಸಿಕ್ಕ ಎಂದರೆ, ಮೊದಲು ಅವನನ್ನೇ ಕರೆದು ಏನು ಮಾಡುತ್ತಿದ್ದೆ ಎಂದು ಕೇಳು. ನಾನು ಕೇಳಲಿಲ್ಲ. ಫೋನು ಕೈಯಲ್ಲೇ ಇತ್ತು, ಅಣ್ಣಾಸಾಬ. ಒಂದು ಪ್ರಶ್ನೆ ಕೇಳಬಹುದಾಗಿತ್ತು. ಕೇಳದೆ ಕಾಗದ ತೆಗೆದುಕೊಂಡೆ.

ಕೂಸಿಗೆ ನೂರು ವರ್ಷದ ಆಯುಸ್ಸು, ರೂಪಾಲಿಗೆ ಬೇಗ ಚೇತರಿಕೆ, ಕೆಂಚವ್ವನಿಗೂ ಅಮೋಲನಿಗೂ ನಮ್ಮಿಬ್ಬರ ಶುಭಾಶಯ. ನಿನಗೆ ಹಿರಿಯನಾಗಿ ಆಶೀರ್ವಾದ, ತಪ್ಪಿತಸ್ಥನಾಗಿ ನಮಸ್ಕಾರ.

ನಿನ್ನ ಅಣ್ಣ,
ವಿರುಪಾಕ್ಷಪ್ಪ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಶನಿವಾರ ಆ ಚಿತ್ರಗಳನ್ನು ಕತ್ತಲಾಗುವವರೆಗೆ ಕುಳಿತು ನೋಡಿದೆ. ಹಿಂದಿನ ಪತ್ರದಲ್ಲಿ, ಡಬ್ಬಿಯಲ್ಲಿ, ಹಾಗೂ ಪಂಪುಮನೆಯ ಗೋಡೆಯ ಪಾಳಿಪಟ್ಟಿಯಲ್ಲಿ ತಪ್ಪಾಗಿದ್ದ ದಿನಾಂಕಗಳನ್ನು ಇಲ್ಲಿ ತಿದ್ದಿದ್ದೇನೆ. ಇದರದೇ ಇನ್ನೊಂದು ಪ್ರತಿಯನ್ನು ಆ ಗೋಡೆಗೆ ಅಂಟಿಸಿದ್ದೇನೆ, ಮುರಗೆಪ್ಪನ ಸಹಿಯೊಡನೆ.

ಫೆಬ್ರುವರಿ ೧೯, ಬೆಳಿಗ್ಗೆ ೧೦.೦೮, ಅಣ್ಣಾಸಾಬ ತಂತಿ ಒಯ್ದದ್ದು: ತಪ್ಪು. ಫೆಬ್ರುವರಿ ೨೮, ಅದೇ ಹೊತ್ತು, ಅಣ್ಣಾಸಾಬ ತಂತಿ ತಂದದ್ದು: ಸರಿ.

ಫೆಬ್ರುವರಿ ೧೯, ಬೆಳಿಗ್ಗೆ ೧೧.೪೦ ಎಂದು ಡಬ್ಬಿಯಲ್ಲಿರುವುದು: ಫೆಬ್ರುವರಿ ೨೮. ಅಂದು ನಿನ್ನ ಪಾಳಿ. ಮೋಟಾರು ಹಾಕಿ, ನೀನು ಎರಡೂ ಹೊಲಗಳ ಕಡೆಗೆ ನೋಡಿ, ನಿನ್ನ ವಾಲ್ವು ಮುಚ್ಚಿ ನನ್ನ ವಾಲ್ವು ತಿರುವಿದೆ. ನನ್ನ ಕಬ್ಬು ಎಳೆಯದೆಂದು ಮೊದಲ ನೀರು ಅದಕ್ಕೆ ಬಿಟ್ಟೆ. ಹರಿಯುತ್ತಿದ್ದುದು ನನ್ನ ಹೊಲಕ್ಕೆಂಬುದನ್ನು ನಾನು ಅಂದು ನೋಡಲಿಲ್ಲ, ನೀನೂ ಹೇಳಲಿಲ್ಲ.

ಮಾರ್ಚ್ ೧೮ ಮತ್ತು ೨೧, ಪಟ್ಟಿಯಲ್ಲಿ ವಿರುಪಾಕ್ಷಪ್ಪ: ತಪ್ಪು. ಎರಡೂ ಅಣ್ಣಾಸಾಬನ ಪಾಳಿ. ನಿನ್ನ ಕಾರ್ಡು ಹಿಡಿದುಕೊಂಡು ಹೋಗಿ ಆ ಎರಡು ದಿನದ ನೀರನ್ನು ನಾನು ನನ್ನ ಹೊಲಕ್ಕೆ ಬಿಟ್ಟುಕೊಂಡೆ.

ಮಾರ್ಚ್ ೨೪, ಪಟ್ಟಿಯಲ್ಲಿ ವಿರುಪಾಕ್ಷಪ್ಪ: ತಪ್ಪು. ಅಣ್ಣಾಸಾಬನ ಪಾಳಿ. ಚನ್ನವ್ವ ತಾನೇ ನಿಂತು ನಿನ್ನ ಕಬ್ಬಿಗೆ ಹಾಯಿಸಿದಳು. ಬದುವಿನ ಕಡೆಯ ನಾಲ್ಕು ಸಾಲು ಬಾಡಿವೆ, ಉಳಿದದ್ದು ಬದುಕುತ್ತದೆ. ೨೭ಕ್ಕೂ ಅವಳೇ ನಿಲ್ಲುತ್ತಾಳೆ.

ಮಾರ್ಚ್ ೩೦ ಮತ್ತು ಏಪ್ರಿಲ್ ೨, ಪಟ್ಟಿಯಲ್ಲಿ ವಿರುಪಾಕ್ಷಪ್ಪ: ಹೊಡೆದುಹಾಕಿದ್ದೇನೆ. ಎರಡೂ ಅಣ್ಣಾಸಾಬನವು. ಮೂವತ್ತರ ಬೆಳಿಗ್ಗೆ ನಾನು ಪಂಪುಮನೆಯ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಗುಂಡಿ ಒತ್ತುವವನು ನೀನೇ. ನೀನು ಬಾರದಿದ್ದರೆ ಅಂದು ಮೋಟಾರು ಹಾಕುವುದಿಲ್ಲ, ಎಷ್ಟು ಪಾಳಿ ದಾಟಿದರೂ ನನ್ನ ಹೊಲಕ್ಕೆ ನೀರು ಬಿಡುವುದಿಲ್ಲ.